ಆರಿಸಿದ ಮಗು

ಅಂಗಡಿ ಮುಂದೆ ನಾಲ್ಕು ಜನ ಗಿರಾಕಿಗಳು ನಿಂತಿದ್ದರು. ನಮ್ಮತ್ತೆ ಒಂದು ಮೀನಿನ ಕಿವಿರು ಎತ್ತಿ, ಒಳಗಿನ ಕೆಂಪು ತೋರಿಸಿ, "ನೋಡಿದ್ರಾ? ಹೀಗೇ ಒಂದೊಂದೇ ನೋಡಿ ಆರಿಸ್ತಾರಂತೆ ಕಣ್ರೀ. ನಮ್ಮ ಸಣ್ಣವನಿಗೆ ಹುಟ್ಟೋದು ಆರಿಸಿದ ಮಗು!" ಅಂದರು.

ನಾನು ಪಕ್ಕದಲ್ಲೇ ಕೂತು ಪೊರೆ ಕೆರೆಯುತ್ತಿದ್ದೆ. ಎರಡು ಹೆತ್ತವಳು ನಾನು. ಹಾಗಾದರೆ ನನ್ನವೇನು, ಬುಟ್ಟಿ ತಳದಲ್ಲಿ ಉಳಿದವಾ? ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ಗಿರಾಕಿಗಳ ಮುಂದೆ ಅತ್ತೆಗೆ ಎದುರಾಡಿದರೆ ಆ ದಿನ ನಮ್ಮ ಮನೆಯಲ್ಲಿ ಯಾರಿಗೂ ತುತ್ತು ಇಳಿಯುವುದಿಲ್ಲ.

ನಮ್ಮ ಮನೆ ಹೇಗಿದೆ ಅಂತ ಮೊದಲೇ ಹೇಳಿಬಿಡುತ್ತೇನೆ. ಕೆಳಗೆ ಬೀದಿಗೆ ಮೀನಂಗಡಿ. ಅದರ ಹಿಂದೆ ಅಡುಗೆಮನೆ, ಅತ್ತೆಯ ಮಂಚ, ಆಮೇಲೆ ನಮ್ಮದೊಂದು ಕೋಣೆ. ಅದರಲ್ಲಿ ನಾನು, ನಮ್ಮನೆಯವರು, ಹನ್ನೊಂದು ವರ್ಷದ ಚೂಟಿ, ಐದು ವರ್ಷದ ಗುಬ್ಬಿ. ಮಾಳಿಗೆ ಮೇಲೆ ಎರಡು ಕೋಣೆ, ಎರಡಕ್ಕೂ ಕಿಟಕಿ, ಗಾಳಿ, ಬೆಳಕು. ಅಲ್ಲಿ ಇಬ್ಬರೇ ಇಬ್ಬರು: ನನ್ನ ಮೈದುನ, ಅವನ ಹೆಂಡತಿ. ನಮ್ಮನೆಯವರು ಹೊತ್ತು ಹುಟ್ಟುವ ಮೊದಲೇ ಬಂದರಿಗೆ ಹೋಗಿ ಮೀನು ತರುತ್ತಾರೆ. ಮೈದುನ ಐಸ್ ಫ್ಯಾಕ್ಟರಿಯ ವ್ಯಾನು ಓಡಿಸುತ್ತಾನೆ. ನಾನು ಮೀನು ಕೊಯ್ಯುತ್ತೇನೆ. ಅತ್ತೆ ತಕ್ಕಡಿ ಹಿಡಿಯುತ್ತಾರೆ, ನಲವತ್ತು ವರ್ಷದಿಂದ ಹಿಡಿದಿದ್ದಾರೆ, ಯಾರಿಗೂ ಬಿಟ್ಟುಕೊಡುವವರಲ್ಲ.

ನನ್ನ ವಾರಗಿತ್ತಿ ಮಾತ್ರ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಇಸ್ತ್ರಿ ಮಾಡಿದ ಬಟ್ಟೆ, ತೆಳ್ಳನೆ ಕೈಚೀಲ. ನಾನು ಅವಳ ಬೆನ್ನ ಹಿಂದೆ 'ಕನ್ನಡಕದ ರಾಣಿ' ಅನ್ನುತ್ತಿದ್ದೆ. ಅವಳಿಗೆ ಮೀನಿನ ವಾಸನೆ ಆಗುವುದಿಲ್ಲ. ಆಗಲ್ಲ ಅಂದರೆ ಆಗಲ್ಲ, ಬಿಡಿ. ನನ್ನನ್ನೇನು ಹೂವಿನಂಗಡಿಯಿಂದ ತಂದಿರಲಿಲ್ಲವಲ್ಲ! ಮದುವೆಯಾಗಿ ಬಂದ ಮೂರನೇ ದಿನಕ್ಕೇ ಅತ್ತೆ ನನ್ನ ಕೈಗೆ ಕತ್ತಿ ಕೊಟ್ಟಿದ್ದರು.

ಮದುವೆಯಾಗಿ ಏಳು ವರ್ಷ ಆಗಿತ್ತು, ಅವಳಿಗೆ ಮಕ್ಕಳಾಗಿರಲಿಲ್ಲ. ಅಷ್ಟು ವರ್ಷ ಅತ್ತೆಯ ಕಣ್ಣಲ್ಲಿ ನಾನೇ ಒಂದು ಕೈ ಮೇಲಿದ್ದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಗಂಡ ಹೆಂಡತಿ ದೊಡ್ಡ ಆಸ್ಪತ್ರೆಗೆ ಹೋದರು. ಅವಳದ್ದೆಲ್ಲ ಸರಿಯಾಗಿತ್ತು. ಕೊರತೆ ಇದ್ದದ್ದು ನಮ್ಮ ಮೈದುನನಲ್ಲಿ. ಇರುವುದೇ ಕಮ್ಮಿ, ಇದ್ದವೂ ನೆಟ್ಟಗೆ ಈಜುವುದಿಲ್ಲ ಅಂತ ವರದಿ ಬಂತು. ವೀರ್ಯಾಣು ಅನ್ನುವ ಮಾತು ಅತ್ತೆಯ ಬಾಯಲ್ಲಿ ಹೊರಳಲಿಲ್ಲ. ಅವರು 'ಮರಿ' ಅಂದರು. ಅಲ್ಲಿಂದ ಮನೆಯಲ್ಲೆಲ್ಲ ಅದೇ ಮಾತಾಯಿತು.

"ಮರಿ ಇದಾವಂತೆ. ಈಜೋದು ಕಮ್ಮಿಯಂತೆ. ಲ್ಯಾಬಲ್ಲಿ ಚುರುಕಾಗಿರೋದನ್ನ ಆರಿಸಿ ತೆಗೀತಾರಂತೆ. ಅದರಲ್ಲೇನಿದೆ? ನಾನು ದಿನಾ ಮಾಡೋ ಕೆಲಸಾನೇ ಅದು" ಅಂತ ಅತ್ತೆ ಎಲ್ಲರ ಹತ್ತಿರ ಹೇಳಿಕೊಂಡು ಬಂದರು.

ಅತ್ತೆ ಮೀನಿನ ಕಿವಿರು ಎತ್ತಿ ತೋರಿಸಿದ ದಿನ ಸಂಜೆ ವಾರಗಿತ್ತಿ ಕೈಚೀಲ ಕೂಡ ಕೆಳಗಿಡದೆ ಅಡುಗೆಮನೆಗೆ ಬಂದಳು.

"ಅತ್ತೇ, ಗಿರಾಕಿಗಳಿಗೆಲ್ಲ ಯಾಕೆ ಹೇಳಿದ್ರಿ? ನಮ್ಮ ಅಂಗಡಿಗೆ ಬಂದು ಒಬ್ಬರು 'ಮರಿ ಹೇಗಿವೆ' ಅಂತ ಕೇಳಿದ್ರು. ನಂಗೆ ತಲೆ ಎತ್ತೋಕಾಗಲಿಲ್ಲ."

"ಹೇಳಿದ್ರೆ ಏನೀಗ? ಕದ್ದು ತರ್ತಿದ್ದೀವಾ? ಹತ್ತು ಲಕ್ಷದಲ್ಲಿ ಒಂದನ್ನ ಹುಡುಕಿ ತೆಗೆಯೋದು! ಅಂಥಾ ಮಗು ಈ ಬೀದೀಲಿ ಯಾರಿಗಿದೆ ಹೇಳು."

"ಇವರಿಗೆ ಎಷ್ಟು ನಾಚಿಕೆ ಆಗುತ್ತೆ ಗೊತ್ತಾ?"

"ಅವನ ನಾಚಿಕೆ ನಂಗೊತ್ತಿಲ್ವೇನೇ? ನಾನು ಹೆತ್ತಿದ್ದು ಅವನನ್ನ" ಅಂದರು ಅತ್ತೆ. ಮಾತು ಅಲ್ಲಿಗೆ ಮುಗಿಯಿತು. ನಾನು ತಟ್ಟೆ ತೊಳೆಯುತ್ತಿದ್ದೆ. ಒಳಗೊಳಗೇ ಖುಷಿಯಾಯಿತು, ರಾಣಿಗೂ ಒಂದು ಬಿತ್ತಲ್ಲ ಅಂತ.

ಆ ಖುಷಿ ಎರಡು ದಿನ ಬಾಳಲಿಲ್ಲ. ಗಂಡ ಹೆಂಡತಿ ಇಬ್ಬರೂ ಚೆನ್ನಾಗಿ ತಿನ್ನಬೇಕು ಅಂತ ಡಾಕ್ಟರು ಅಂದಿದ್ದರು. ಅತ್ತೆ ಅದನ್ನು ಕಟ್ಟುನಿಟ್ಟಾಗಿ ಹಿಡಿದರು. ಬೆಳಿಗ್ಗೆ ಮಾಳಿಗೆಗೆ ನಾಲ್ಕು ಬೇಯಿಸಿದ ಮೊಟ್ಟೆ, ಎರಡು ಲೋಟ ಗಟ್ಟಿ ಹಾಲು, ಹೆಚ್ಚಿದ ಹಣ್ಣು. ಯಾರು ಹೊತ್ತುಕೊಂಡು ಹೋಗಬೇಕು? ನಾನೇ. ಹತ್ತೊಂಬತ್ತು ಮೆಟ್ಟಿಲು, ನಾನು ಲೆಕ್ಕ ಹಾಕಿದ್ದೇನೆ. ಗುಬ್ಬಿಯನ್ನು ಹೊತ್ತಿದ್ದಾಗ ಒಂಬತ್ತನೇ ತಿಂಗಳಲ್ಲೂ ನಾನು ಐಸಿನ ಡಬ್ಬ ಎತ್ತಿದವಳು. ಆಗ ಯಾರೂ ನನಗೊಂದು ಲೋಟ ನೀರು ಕೂಡ ತಂದು ಕೊಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಚೂಟಿ ಮೊಟ್ಟೆಯ ಪಾತ್ರೆಗೆ ಕೈ ಹಾಕಿದಳು. ಅತ್ತೆ ಅವಳ ಕೈ ಹಿಡಿದರು.

"ಅಜ್ಜೀ, ನಂಗೊಂದು!"

"ನಿಂಗ್ಯಾಕೇ? ನೀನು ಆಗಲೇ ಹುಟ್ಟಿ ಆಯ್ತಲ್ಲ!"

ಅತ್ತೆ ತಮಾಷೆಗೇ ಅಂದದ್ದು, ನಕ್ಕರು ಕೂಡ. ಚೂಟಿ ನಗಲಿಲ್ಲ. ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಅಮ್ಮಾ, ನಮ್ಮನ್ನ ಯಾರೂ ಆರಿಸಲಿಲ್ವಾ?" ಅಂತ ಕೇಳಿದಳು.

ನಮ್ಮನೆಯವರು ಆಗಷ್ಟೇ ಬಂದರಿನಿಂದ ಬಂದು ಕೈಕಾಲು ತೊಳೆಯುತ್ತಿದ್ದರು.

"ರೀ, ಕೇಳಿಸ್ತಾ ನಿಮ್ಮ ಮಗಳು ಅಂದದ್ದು?"

"ಒಂದು ಮೊಟ್ಟೆಗೆ ಯಾಕೆ ರಂಪ ಮಾಡ್ತೀಯೇ? ನಾನು ತಂದು ಕೊಡ್ತೀನಿ."

"ಮೊಟ್ಟೆ ಅಲ್ಲ ವಿಷಯ. ಮೇಲಿರೋರು ಮನುಷ್ಯರು, ಕೆಳಗಿರೋರು ಏನು?"

"ಅವರಿಗೆ ಇಲ್ಲ, ನಮಗಿದೆ. ಅಷ್ಟು ಅರ್ಥ ಆಗಲ್ವಾ ನಿಂಗೆ?"

"ಆಗುತ್ತೆ. ಅವರಿಗೆ ಇಲ್ಲದೇ ಇದ್ದಾಗಲೂ ಅವರೇ ಮಾಳಿಗೆ ಮೇಲೆ. ಆದಮೇಲಂತೂ ಕೇಳೋದೇ ಬೇಡ."

ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಮಲಗಲು ಹೋದರು. ಮಾತು ಮುಂದಕ್ಕೆ ಹೋಗುತ್ತೆ ಅಂದರೆ ಅವರಿಗೆ ನಿದ್ದೆ ಬರುತ್ತದೆ. ಮದುವೆಯಾದಾಗಿನಿಂದ ಹೀಗೇ.

ಮುಂದಿನ ವಾರ ವಾರಗಿತ್ತಿಯ ಜೊತೆ ಆಸ್ಪತ್ರೆಗೆ ಹೋಗಲು ಯಾರೂ ಸಿಗಲಿಲ್ಲ. ಮೈದುನನಿಗೆ ವ್ಯಾನು ಬಿಡಲಾಗದು. ಅತ್ತೆಗೆ ತಕ್ಕಡಿ ಬಿಡಲಾಗದು. ನನಗೇನು, ನನ್ನ ಕೆಲಸ ಯಾವಾಗ ಬೇಕಾದರೂ ಬಿಡಬಹುದು! ನಾನೇ ಹೊರಟೆ. ಎರಡು ಸಲ ಸೋಪು ಹಾಕಿ ಕೈ ತೊಳೆದಿದ್ದೆ, ಆದರೂ ಲಿಫ್ಟಿನಲ್ಲಿ ಒಬ್ಬಳು ನನ್ನ ಕಡೆ ತಿರುಗಿ ಮೂಗು ಮುರಿದಳು.

ಲ್ಯಾಬಿನ ಮೇಡಂ ನನ್ನ ವಯಸ್ಸಿನವರೇ. ತಲೆಗೆ ಟೋಪಿ, ಕಾಲಿಗೆ ಬಟ್ಟೆ ಚೀಲ. ಒಂದು ಟಿವಿ ಮುಂದೆ ನಮ್ಮಿಬ್ಬರನ್ನೂ ಕೂರಿಸಿದರು. ಮೈದುನ ಮೊದಲ ಪರೀಕ್ಷೆಗೆ ಕೊಟ್ಟಿದ್ದರ ವಿಡಿಯೋ ಅದರಲ್ಲಿ ಓಡುತ್ತಿತ್ತು. ಎಲ್ಲಿ ನೋಡಿದರೂ ಬಾಲ. ಕೆಲವು ಇದ್ದಲ್ಲೇ ಬಾಲ ಆಡಿಸುತ್ತಿದ್ದವು, ಕೆಲವು ಸುತ್ತ ಸುತ್ತ ತಿರುಗುತ್ತಿದ್ದವು, ಬಹಳಷ್ಟು ಸುಮ್ಮನೆ ಬಿದ್ದಿದ್ದವು. ಒಂದೋ ಎರಡೋ ನೆಟ್ಟಗೆ ಹೊರಟಿದ್ದವು.

"ಮೊದಲು ತೊಳೀತೀವಿ" ಅಂದರು ಮೇಡಂ. "ಹಿಂದೆಲ್ಲ ಕೊಳವೆಯಲ್ಲಿ ದ್ರಾವಣದ ಮೇಲೆ ಹಾಕಿ ಗಿರ್ರನೆ ತಿರುಗಿಸಿ, ಗಟ್ಟಿಯಾದವು ತಳಕ್ಕೆ ಬಂದಮೇಲೆ ತೆಗೀತಿದ್ವಿ. ಇಲ್ಲಾಂದ್ರೆ ಮೇಲೆ ತಿಳಿನೀರಿನ ಥರದ್ದು ಹಾಕಿ, ತಾವಾಗೇ ಈಜಿ ಮೇಲೆ ಬಂದವನ್ನ ಎತ್ಕೊಳ್ಳೋದು. ನಿಮ್ಮ ಯಜಮಾನರದ್ದರಲ್ಲಿ ಒಳಗಿನ ಎಳೆ ಚೂರಾಗಿರೋವು ಸ್ವಲ್ಪ ಜಾಸ್ತಿ. ತಿರುಗಿಸಿದ್ರೆ ಇನ್ನೂ ಪೆಟ್ಟಾಗಬಹುದು. ಅದಕ್ಕೆ ಈ ಚಿಪ್."

ಒಂದು ಗಾಜಿನ ಪಟ್ಟಿಯಂಥದ್ದು ತೋರಿಸಿದರು. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಾಲುವೆಗಳಿವೆಯಂತೆ. ಈ ತುದಿಯಲ್ಲಿ ಬಿಟ್ಟರೆ, ಗಟ್ಟಿಮುಟ್ಟಾದವು ಮಾತ್ರ ಆ ತುದಿಗೆ ಮುಟ್ಟುತ್ತವಂತೆ. ಅವುಗಳಲ್ಲೂ ತಲೆ, ಕುತ್ತಿಗೆ, ಬಾಲ ನೋಡಿ, ಒಂದೊಂದನ್ನೇ ಸೂಜಿಯಲ್ಲಿ ಎತ್ತಿ ಒಂದೊಂದು ಅಂಡಕ್ಕೆ ಬಿಡುತ್ತಾರಂತೆ.

"ಅಂದ್ರೆ ಯಾವುದು ಮಗು ಆಗಬೇಕು ಅಂತ ನೀವೇ ಹೇಳೋದಾ?" ಅಂತ ಕೇಳಿಬಿಟ್ಟೆ.

ಮೇಡಂ ನಕ್ಕರು. "ಅಯ್ಯೋ, ಅಷ್ಟೆಲ್ಲ ನಮ್ಮ ಕೈಲಿಲ್ಲಮ್ಮ. ದಾರಿ ನಡೆಯೋ ಶಕ್ತಿ ಇರೋರನ್ನ ದಾರಿಗೆ ಬಿಡ್ತೀವಿ, ಅಷ್ಟೇ. ಎಲ್ಲ ತಾಯಂದಿರ ಹೊಟ್ಟೆಯೊಳಗೂ ಆಗೋದು ಅದೇ ತಾನೆ? ಅಲ್ಲಿ ತಾನೇ ಆರಿಸ್ಕೊಳ್ಳುತ್ತೆ, ಇಲ್ಲಿ ನಾವು ಸಹಾಯ ಮಾಡ್ತೀವಿ."

ನನ್ನ ಹೊಟ್ಟೆಯಲ್ಲೂ ಆರಿಸಿದ್ದೇ ಅಂತ ಆಗ ಗೊತ್ತಾಯಿತು. ಇದನ್ನು ನಮ್ಮತ್ತೆಗೆ ಯಾರು ಹೇಳಬೇಕು! ಹೇಳಿದರೂ ನಂಬುವವರಲ್ಲ. ಮನೆಯ ಟಿವಿಯಲ್ಲಿ ಕಂಡದ್ದನ್ನಷ್ಟೇ ನಂಬುವ ಹೆಂಗಸು.

ಆಮೇಲೆ ಮೇಡಂ ದನಿ ತಗ್ಗಿಸಿ ವಾರಗಿತ್ತಿಯ ಹತ್ತಿರ ಮಾತಾಡಿದರು. ಹಿಂದಿನ ತಿಂಗಳು ಇನ್ನೊಂದು ಪರೀಕ್ಷೆಗೆ ಅಂತ ಮೈದುನನನ್ನು ಆಸ್ಪತ್ರೆಯ ಸಣ್ಣ ಕೋಣೆಗೆ ಕಳಿಸಿದ್ದರಂತೆ. ಒಂದು ಗಂಟೆ ಕೂತು ಖಾಲಿ ಡಬ್ಬಿ ಹಿಡಿದುಕೊಂಡು ಹೊರಗೆ ಬಂದಿದ್ದನಂತೆ. ಹೊರಗೆ ಯಾರೋ ಕುರ್ಚಿ ಎಳೆದರು, ಆಗಲಿಲ್ಲ ಅಂದನಂತೆ. ಅದಕ್ಕೆ ಆ ದಿನ ಮನೆಯಲ್ಲೇ ತೆಗೆದು ತರಬಹುದು ಅಂದರು ಮೇಡಂ.

"ಮುಕ್ಕಾಲು ಗಂಟೆಯೊಳಗೆ ಬರಬೇಕು. ತಣ್ಣಗಾಗೋಕೆ ಬಿಡಬಾರದು. ಯಾರಾದ್ರೂ ಮೈಗೆ ಒತ್ತಿ ಹಿಡ್ಕೊಂಡು ಬನ್ನಿ. ತಣ್ಣಗಾದ್ರೆ ಬಾಲ ಸುರುಳಿ ಸುತ್ಕೊಳ್ಳುತ್ತೆ, ಆಮೇಲೆ ಈಜಲ್ಲ." ಇದನ್ನು ನನ್ನ ಮುಖ ನೋಡಿಕೊಂಡೇ ಎರಡು ಸಲ ಹೇಳಿದರು.

ಬಸ್ಸಿನಲ್ಲಿ ಬರುವಾಗ ವಾರಗಿತ್ತಿ ನನ್ನ ಕೈ ಹಿಡಿದಳು. ಏಳು ವರ್ಷದಲ್ಲಿ ಮೊದಲ ಸಲ.

"ಅಕ್ಕಾ, ಆ ದಿನ ನಾನು ಬೆಳಿಗ್ಗೇನೇ ಅಡ್ಮಿಟ್ ಆಗಿರ್ತೀನಿ. ಇವರು ಸ್ಕೂಟರ್ ಓಡಿಸ್ತಾರೆ. ನೀವು ಹಿಂದೆ ಕೂತು ಹಿಡ್ಕೊಂಡು ಬರ್ತೀರಾ?"

"ನಾನಾ?"

"ಅತ್ತೆ ಕೈಲಿ ಕೊಟ್ರೆ ದಾರಿಯಲ್ಲಿ ನಾಲ್ಕು ಜನಕ್ಕೆ ತೋರಿಸ್ತಾರೆ. ನೀವಾದ್ರೆ ಬಾಯಿ ಬಿಡಲ್ಲ. ಇದೊಂದೇ ಸಲ ಆಗೋದು ಅಕ್ಕಾ. ಇನ್ನೊಂದು ಸಲಕ್ಕೆ ನಮ್ಮ ಹತ್ರ ಏನೂ ಉಳಿದಿಲ್ಲ, ನನ್ನ ಕತ್ತಿನದ್ದೂ ಹೋಯ್ತು."

ಆಗಲಿ ಅಂದೆ. ಅವಳ ಕತ್ತು ನೋಡಿದೆ, ನಿಜವಾಗಿಯೂ ಬರಿದಾಗಿತ್ತು. ಒಂದು ಗಳಿಗೆ ಅಯ್ಯೋ ಅನಿಸಿತು. ಮನೆಗೆ ಬಂದ ಮೇಲೆ ಅತ್ತೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಕಾಲಿಗೆ ಸ್ಟೂಲು ಕೊಟ್ಟು, ನನ್ನ ಕಡೆ ತಿರುಗಿ "ದೊಡ್ಡವಳೇ, ಒಂದು ಬುಟ್ಟಿ ಪೂರ್ತಿ ಬಾಕಿ ಇದೆ, ಬೇಗ ಕೊಯ್ಯಿ" ಅಂದರು. ಅಯ್ಯೋ ಅನಿಸಿದ್ದೆಲ್ಲ ಅಲ್ಲೇ ಆವಿಯಾಯಿತು.

ಹನ್ನೆರಡು ದಿನ ಅವಳಿಗೆ ಹೊಟ್ಟೆಗೆ ಸೂಜಿ. ದಿನಾ ಸಂಜೆ ಅತ್ತೆ ಮಾಳಿಗೆ ಹತ್ತಿ ಪಕ್ಕದಲ್ಲಿ ಕೂರುತ್ತಿದ್ದರು, ಮಂಡಿ ನೋವಿಟ್ಟುಕೊಂಡು. ಅವಳ ಬಟ್ಟೆ ನನ್ನ ಪಾಲಿಗೆ ಬಂತು. ಒಂದು ದಿನ ಅವಳ ಬಿಳಿ ಅಂಗಿಯನ್ನು ಮೀನಿನ ಏಪ್ರನ್ನಿನ ಜೊತೆಗೇ ನೆನೆಸಿಬಿಟ್ಟೆ. ಮರೆತಲ್ಲ, ಬೇಕಂತಲೇ. ಅವಳು ಮೂಸಿ ನೋಡಿದಳು, ನನ್ನ ಮುಖ ನೋಡಿದಳು, ತಾನೇ ಇನ್ನೊಂದು ಸಲ ಒಗೆದಳು. ಅವಳು ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು.

ಆ ದಿನ ಬಂತು. ಬೆಳಿಗ್ಗೆ ಆರಕ್ಕೇ ಮೈದುನ ಅವಳನ್ನು ಆಸ್ಪತ್ರೆಗೆ ಬಿಟ್ಟು ವಾಪಸು ಬಂದ. ಎಂಟು ಗಂಟೆಗೆ ಮಾಳಿಗೆಯ ಬಾಗಿಲು ಹಾಕಿಕೊಂಡ. ಕೆಳಗೆ ನಾವ್ಯಾರೂ ಉಸಿರೆತ್ತಲಿಲ್ಲ. ಅತ್ತೆಯಂತೂ ಗಿರಾಕಿಗಳಿಗೂ ಬಾಯಿ ಮೇಲೆ ಬೆರಳಿಟ್ಟು ತೋರಿಸಿ, ಕೈಸನ್ನೆಯಲ್ಲೇ ಮೀನು ಮಾರಿದರು.

ಸ್ವಲ್ಪ ಹೊತ್ತಿಗೆ ಅವನು ಇಳಿದು ಬಂದ. ಕಿವಿ ತುದಿ ಕೆಂಪಾಗಿತ್ತು. ಟವೆಲಿನಲ್ಲಿ ಸುತ್ತಿದ್ದ ಡಬ್ಬಿಯನ್ನು ಅಡುಗೆಮನೆಯ ಕಟ್ಟೆ ಮೇಲಿಟ್ಟು, ಯಾರ ಮುಖವನ್ನೂ ನೋಡದೆ, "ಅತ್ತಿಗೇ, ಗಾಡಿ ತೆಗೀತೀನಿ, ಬನ್ನಿ" ಅಂತ ಹೊರಗೆ ಹೋದ. ನಾನು ಬಟ್ಟೆ ಬದಲಾಯಿಸಲು ಕೋಣೆಗೆ ಹೋದೆ. ಎರಡೇ ನಿಮಿಷ.

ಹೊರಗೆ ಬಂದರೆ ಅತ್ತೆ ಕೈಯಲ್ಲೊಂದು ಪೊಟ್ಟಣ ಹಿಡಿದು ನಿಂತಿದ್ದರು. ಪುಡಿ ಐಸು ತುಂಬಿದ ಪ್ಲಾಸ್ಟಿಕ್ ಚೀಲ, ಅದರ ನಡುವೆ ಡಬ್ಬಿ, ಮೇಲೆ ಟವೆಲ್, ಅದಕ್ಕೊಂದು ದಾರದ ಗಂಟು. ದೂರದ ಗಿರಾಕಿಗೆ ಒಳ್ಳೆ ಮೀನು ಕಟ್ಟಿಕೊಡುವಾಗ ಹೇಗೆ ಕಟ್ಟುತ್ತಾರೋ ಹಾಗೇ. ನಲವತ್ತು ವರ್ಷ ಕೆಡಬಾರದ್ದನ್ನೆಲ್ಲ ಐಸಿನಲ್ಲೇ ಇಟ್ಟ ಕೈ ಅದು. ಬೇರೆ ಏನು ಮಾಡೀತು?

'ಅತ್ತೇ, ಐಸಲ್ಲ, ಬಿಸಿ ಬೇಕು' ಅನ್ನಬೇಕಿತ್ತು. ನಾಲ್ಕೇ ನಾಲ್ಕು ಮಾತು. ಬಾಯಿ ತೆರೆದೂ ಇದ್ದೆ.

"ಜೋಪಾನವಾಗಿ ಹಿಡ್ಕೋ" ಅಂದರು ಅತ್ತೆ. "ನಿನ್ನ ಕೈ ಮೊದಲೇ ಜಾರುಗೈ. ಇದು ನಿನ್ನ ಮಕ್ಕಳ ಹಾಗೆ ಕಣ್ಣುಮುಚ್ಚಿ ತೆಗೆಯೋಷ್ಟರಲ್ಲಿ ಆಗೋದಲ್ಲ. ಆರಿಸಿದ ಮಗು."

ನಾನು ಬಾಯಿ ಮುಚ್ಚಿಕೊಂಡೆ. ಪೊಟ್ಟಣ ತೆಗೆದುಕೊಂಡೆ. ನಿಮಗೆ ಗೊತ್ತಲ್ಲ, ನೀವೇ ದೊಡ್ಡವರು, ಆಗಲಿ ಬಿಡಿ ಅಂದುಕೊಂಡೆ. ಸ್ಕೂಟರಿನ ಹಿಂದೆ ಹತ್ತಿ ಕೂತೆ. ಮೈದುನ ಹೆಲ್ಮೆಟ್ ಹಾಕಿಕೊಂಡಿದ್ದ, ಹಿಂದೆ ತಿರುಗಿ ನೋಡಲಿಲ್ಲ. ನಾಚಿಕೆಗೆ ಅವನು ಆ ಡಬ್ಬಿಯ ಕಡೆ ಕಣ್ಣೂ ಹಾಯಿಸುತ್ತಿರಲಿಲ್ಲ ಅಂತ ನನಗೆ ಗೊತ್ತಿತ್ತು.

"ಸರಿಯಾಗಿ ಹಿಡ್ಕೊಂಡಿದ್ದೀರಾ ಅತ್ತಿಗೆ?"

"ಹ್ಞೂಂ."

ದಾರಿಯುದ್ದಕ್ಕೂ ತೊಡೆಯ ಮೇಲೆ ಆ ತಣ್ಣಗಿನದ್ದು ಕೊರೆಯುತ್ತಿತ್ತು. ಮೊದಲ ಸಿಗ್ನಲ್ ಬಂತು. ಈಗ ಹೇಳಿಬಿಡಲೇ ಅಂದುಕೊಂಡೆ. ಚೂಟಿ ಮೊಟ್ಟೆಯ ಪಾತ್ರೆಗೆ ಕೈ ಹಾಕಿದ್ದು ನೆನಪಾಯಿತು, ಹೇಳಲಿಲ್ಲ. ಎರಡನೇ ಸಿಗ್ನಲ್ ಬಂತು. ಹತ್ತೊಂಬತ್ತು ಮೆಟ್ಟಿಲು ನೆನಪಾಯಿತು, ಹೇಳಲಿಲ್ಲ. ನನ್ನ ಮಕ್ಕಳಿಬ್ಬರೇ ಆ ಮನೆಯ ಮಕ್ಕಳಾಗಿ ಉಳಿದರೆ ಲೋಕವೇನೂ ಮುಳುಗುವುದಿಲ್ಲ ಅಂತಲೂ ಅಂದುಕೊಂಡೆ. ಇದನ್ನು ಅಂದುಕೊಂಡವಳು ನಾನೇ, ಬೇರೆ ಯಾರೂ ಅಲ್ಲ. ಆಸ್ಪತ್ರೆ ಬರುವಾಗ ಇಪ್ಪತ್ತೈದು ನಿಮಿಷ ಆಗಿತ್ತು.

ಲ್ಯಾಬಿನ ಕಿಟಕಿಯ ಹತ್ತಿರ ಹೋಗುವ ಮೊದಲು ಹೆಂಗಸರ ಬಚ್ಚಲಿಗೆ ಹೋದೆ. ಐಸನ್ನು ಸಿಂಕಿಗೆ ಸುರಿದೆ, ಡಬ್ಬಿ ಒರೆಸಿದೆ. ಅಷ್ಟು ಚಾಲಾಕು ನನಗೆ ಆ ಹೊತ್ತಿನಲ್ಲಿ ಎಲ್ಲಿಂದ ಬಂತೋ! ಡಬ್ಬಿ ಕೊಟ್ಟು ಬಂದು ಬೆಂಚಿನ ಮೇಲೆ ಮೈದುನನ ಪಕ್ಕ ಕೂತೆ. ಒಳಗೆ ವಾರಗಿತ್ತಿಗೆ ಮಂಪರು ಕೊಟ್ಟು ಅಂಡ ತೆಗೆಯುತ್ತಿದ್ದರು. ನರ್ಸ್ ಬಂದು "ಒಂಬತ್ತು ಸಿಕ್ಕಿವೆ" ಅಂದಳು. ಮೈದುನ ಎರಡೂ ಕೈ ಜೋಡಿಸಿದ.

ಅರ್ಧ ಗಂಟೆ ಕಳೆದು ಮೇಡಂ ಹೊರಗೆ ಬಂದರು. ಮುಖ ಬಿಗಿದುಕೊಂಡಿತ್ತು.

"ಒಂದೂ ದಾಟಿಲ್ಲ. ಚಿಪ್‌ನ ಈ ತುದಿಯಲ್ಲೇ ಬಿದ್ದಿವೆ. ಬಾಲ ಎಲ್ಲ ಸುರುಳಿ. ಮೊದಲ ಸಲ ಇಷ್ಟು ಕೆಟ್ಟದಾಗಿರಲಿಲ್ಲ. ದಾರಿಯಲ್ಲಿ ಎಲ್ಲಾದ್ರೂ ತಣ್ಣಗಾಯ್ತಾ?"

ಮೈದುನ ತಲೆ ತಗ್ಗಿಸಿದ. "ಇಲ್ಲ ಮೇಡಂ. ಅತ್ತಿಗೆ ಮೈಗೆ ಒತ್ತಿ ಹಿಡ್ಕೊಂಡೇ ಬಂದ್ರು. ನಂದೇ ಸರಿ ಇಲ್ಲ. ನಂಗೆ ಗೊತ್ತಿತ್ತು."

"ಇನ್ನೊಂದು ಸಲ ಕೊಡೋಕಾಗುತ್ತಾ?"

"ಏನು ಪ್ರಯೋಜನ ಮೇಡಂ? ಅದೂ ಇದೇ ಥರ ತಾನೆ? ಅವಳನ್ನ ಏಳು ವರ್ಷ ಸುಮ್ಮನೆ ಕಾಯಿಸಿದೆ. ಬಿಟ್ಟುಬಿಡಿ."

ಹತ್ತಾಳು ಎತ್ತುವ ಐಸ್ ಗಡ್ಡೆಯನ್ನು ಒಬ್ಬನೇ ಎತ್ತುವವನು, ಅಳುತ್ತಿದ್ದ. ಅವನ ಮದುವೆಗೆ ಮೊದಲು ನಾನೇ ಅವನ ಅಂಗಿಗೆ ಗುಂಡಿ ಹೊಲಿದು ಕೊಟ್ಟಿದ್ದೇನೆ. ಅವನು ಬೆಂಚಿನಿಂದ ಏಳಲು ಹೊರಟ.

"ಐಸಲ್ಲಿತ್ತು" ಅಂದೆ.

ಮೇಡಂ ನನ್ನ ಕಡೆ ತಿರುಗಿದರು. "ಏನಂದ್ರಿ?"

"ಐಸಲ್ಲಿಟ್ಟು ತಂದೆ. ಅತ್ತೆ ಕಟ್ಟಿಕೊಟ್ಟರು. ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು."

"ಗೊತ್ತಿದ್ದೂ ಸುಮ್ಮನಿದ್ರಾ?"

"ಹ್ಞೂಂ."

"ಯಾಕಮ್ಮಾ?"

ಮೈದುನ ನನ್ನನ್ನೇ ನೋಡುತ್ತಿದ್ದ. ಅವನು ಒಂದು ಬೈದಿದ್ದರೂ ನಾನು ಉಳಿದುಕೊಳ್ಳುತ್ತಿದ್ದೆ. ಕೆನ್ನೆ ಒರೆಸಿಕೊಂಡು ಮೇಡಂಗೆ "ಡಬ್ಬಿ ಕೊಡಿ" ಅಂದ, ಸಣ್ಣ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ನಾನು ಆ ಕಾರಿಡಾರಿನ ತುದಿಯಲ್ಲಿ ಹೋಗಿ ನಿಂತೆ. ಒಬ್ಬ ಆಯಾ ಕುರ್ಚಿ ಎಳೆಯಲು ಬಂದಳು. "ಎತ್ಕೊಂಡು ಹೋಗಮ್ಮ, ಎಳೀಬೇಡ, ನಿನ್ನ ಕಾಲಿಗೆ ಬೀಳ್ತೀನಿ" ಅಂದೆ. ಯಾರೋ ಒಬ್ಬನ ಫೋನು ಕಿರುಚಿತು, ಆ ಮನುಷ್ಯನನ್ನು ಮೆಟ್ಟಿಲಿಗೆ ಅಟ್ಟಿದೆ. ಚಪ್ಪಲಿ ಸದ್ದು ಮಾಡಿಕೊಂಡು ಬಂದ ಡಾಕ್ಟರನ್ನೂ ತಡೆದೆ. ಮುಕ್ಕಾಲು ಗಂಟೆ ಆ ದಾರಿಯಲ್ಲಿ ಒಂದು ನೊಣವೂ ಹಾರದ ಹಾಗೆ ಕಾದೆ. ಬಾಗಿಲು ತೆರೆಯಿತು. ಅವನ ಕೈಯಲ್ಲಿದ್ದ ಡಬ್ಬಿ ಖಾಲಿ ಇರಲಿಲ್ಲ. ಅವನು ನನ್ನ ಪಕ್ಕದಲ್ಲೇ ಹಾದು ಕಿಟಕಿಯ ಹತ್ತಿರ ಹೋದ, ನನ್ನನ್ನು ನೋಡಲಿಲ್ಲ.

ಮಧ್ಯಾಹ್ನ ಮೇಡಂ ಬಂದು ಹೇಳಿದರು: ಸ್ವಲ್ಪವೇ, ಆದರೆ ದಾಟಿವೆ. ಒಂಬತ್ತಕ್ಕೆ ಒಂಬತ್ತು ಆರಿಸಿ ಬಿಟ್ಟಿದ್ದೇವೆ. ಮಾರನೇ ದಿನ ಐದು ಭ್ರೂಣ ಉಳಿದಿವೆ ಅಂತ ಫೋನು ಬಂತು. ಐದನೇ ದಿನಕ್ಕೆ ಎರಡು. ಒಂದನ್ನು ಅವಳ ಗರ್ಭಕ್ಕೆ ಇಟ್ಟರು, ಒಂದನ್ನು ಮುಂದಕ್ಕೆ ಅಂತ ತೆಗೆದಿಟ್ಟರು.

ಮೈದುನ ಹೆಂಡತಿಗೆ ಐಸಿನ ವಿಷಯ ಹೇಳಿದ್ದ. ಹೇಳಿದ್ದಾನೆ ಅಂತ ನನಗೆ ಅವಳ ಮುಖ ನೋಡಿದ ಕೂಡಲೇ ಗೊತ್ತಾಯಿತು. ಅತ್ತೆಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ. ನಾನು ತಟ್ಟೆ ಹೊತ್ತು ಮಾಳಿಗೆಗೆ ಹೋದರೆ ಅವಳು ಬಾಗಿಲಲ್ಲೇ ಇಸಿದುಕೊಂಡು ಬಾಗಿಲು ಹಾಕುತ್ತಿದ್ದಳು. ಅದನ್ನು ತಿನ್ನದೆ ಚೆಲ್ಲುತ್ತಾಳೋ ಏನೋ ಅಂತ ಹೆದರಿಕೆ. ಅವಳ ಬಟ್ಟೆಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಸಿ, ಮೂರು ನೀರಿನಲ್ಲಿ ಜಾಲಿಸಿ ಹಾಕುತ್ತಿದ್ದೆ. ನಮ್ಮನೆಯವರು "ಏನೇ ಇದು, ಇಷ್ಟು ಬದಲಾಗಿಬಿಟ್ಟೆ?" ಅಂತ ನಕ್ಕರು. ಅವರಿಗೂ ನಾನು ಹೇಳಿರಲಿಲ್ಲ.

ಹನ್ನೆರಡನೇ ದಿನ ರಕ್ತ ಪರೀಕ್ಷೆ. ಗರ್ಭ ನಿಂತಿದೆ ಅಂತ ಫೋನು ಬಂತು. ಅತ್ತೆ ತಕ್ಕಡಿ ಬಿಟ್ಟು ಬೀದಿಗೇ ಓಡಿದರು! ಮೈದುನ ಮೆಟ್ಟಿಲ ಮೇಲೆ ಕುಸಿದು ಕೂತ. ನನಗೆ ಅಳು ಬಂತು, ಬಚ್ಚಲಲ್ಲಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ. ಹೊಟ್ಟೆಕಿಚ್ಚು ಹೋಗಿತ್ತು ಅಂತಲ್ಲ, ಅದೂ ಇತ್ತು. ಕೊಲೆ ಮಾಡಿಲ್ಲ ಅಂತ ಗೊತ್ತಾದವಳ ಅಳು ಅದು.

ಸಂಜೆ ಮಾಳಿಗೆಗೆ ಹಾಲು ತೆಗೆದುಕೊಂಡು ಹೋದೆ. ಅವಳು ಈ ಸಲ ಬಾಗಿಲು ಹಾಕಲಿಲ್ಲ. ಒಳಗೆ ಬನ್ನಿ ಅಂತಲೂ ಅನ್ನಲಿಲ್ಲ.

"ನನ್ನ ತಪ್ಪಾಯ್ತು" ಅಂದೆ.

"ಯಾಕೆ ಹಾಗೆ ಮಾಡಿದ್ರಿ ಅಕ್ಕಾ?"

"ಹೊಟ್ಟೆಕಿಚ್ಚು. ಬೇರೆ ಏನೂ ಇಲ್ಲ. ಅತ್ತೆ ನಿನ್ನನ್ನ ನೋಡೋ ಥರ ನನ್ನನ್ನ ಒಂದು ದಿನವೂ ನೋಡಲಿಲ್ಲ. ಇವತ್ತೇ ಅವರಿಗೆ ಹೇಳಿಬಿಡ್ತೀನಿ. ಮನೆಯಿಂದ ಹೊರಗೆ ಹಾಕಿದ್ರೂ ಸರಿ."

ಅವಳು ಲೋಟ ತೆಗೆದುಕೊಂಡಳು. ಒಂದು ಗುಟುಕು ಕುಡಿದಳು.

"ಬೇಡ. ತನ್ನ ಕೈಯಿಂದಲೇ ಐಸಿಟ್ಟೆ ಅಂತ ಗೊತ್ತಾದ್ರೆ ಅವರು ಉಳಿಯಲ್ಲ. ಹೇಳಿದ್ರೆ ನಿಮಗೆ ಹಗುರ ಆಗುತ್ತೆ, ಅಷ್ಟೇ. ನಿಮಗೆ ಹಗುರ ಆಗೋದು ನಂಗೆ ಬೇಕಿಲ್ಲ. ಅತ್ತೆ ಕೆಳಗೆ ಏನು ಹೇಳ್ತಾ ಇದಾರೆ ಕೇಳಿಸ್ಕೊಂಡ್ರಾ?"

ಕೇಳಿಸಿಕೊಂಡಿರಲಿಲ್ಲ. ಕೆಳಗೆ ಇಳಿದು ಬಂದೆ. ಅಂಗಡಿ ಮುಂದೆ ಏಳೆಂಟು ಜನ ಸೇರಿದ್ದರು. ಅತ್ತೆ ನನ್ನನ್ನು ನೋಡಿದವರೇ ಎದ್ದು ಬಂದು, ಮೀನು ಹಿಡಿದ ಒದ್ದೆ ಕೈಯಲ್ಲೇ ನನ್ನ ಗಲ್ಲ ಹಿಡಿದು ಎಲ್ಲರ ಕಡೆ ತಿರುಗಿಸಿದರು.

"ಇವಳು ಕಣ್ರೀ, ನನ್ನ ದೊಡ್ಡ ಸೊಸೆ. ಇವಳಿಂದಲೇ ಆಗಿದ್ದು ಎಲ್ಲ. ಇಲ್ಲಿಂದ ಆಸ್ಪತ್ರೆವರೆಗೂ ಮಡಿಲಲ್ಲಿಟ್ಟು ತಗೊಂಡು ಹೋದಳು. ಹೆತ್ತ ತಾಯಿ ಕೂಡ ಹಾಗೆ ಹಿಡ್ಕೊಳ್ಳಲ್ಲ. ನಾನು ಯಾವತ್ತೂ ಬಾಯಿ ಬಿಟ್ಟು ಹೇಳಿಲ್ಲ, ಇವತ್ತು ಹೇಳ್ತೀನಿ. ಇಂಥಾ ಸೊಸೆ ಸಿಗೋಕೆ ಪುಣ್ಯ ಮಾಡಿರ್ಬೇಕು."

ಗಿರಾಕಿಗಳೆಲ್ಲ ಹೌದು ಹೌದು ಅಂದರು. ಚೂಟಿ ಬಂದು ನನ್ನ ಸೊಂಟ ತಬ್ಬಿಕೊಂಡಳು. ಹನ್ನೆರಡು ವರ್ಷ ಈ ಮಾತಿಗೆ ಕಾದಿದ್ದೆ. ತಲೆ ಎತ್ತಿದರೆ ಮಾಳಿಗೆಯ ಕಿಟಕಿಯಲ್ಲಿ ವಾರಗಿತ್ತಿ ಹಾಲಿನ ಲೋಟ ಹಿಡಿದು ನಿಂತಿದ್ದಳು, ನನ್ನ ಮುಖವನ್ನೇ ನೋಡುತ್ತಾ.

"ನಾಚ್ಕೋತಾಳೆ ನೋಡ್ರೀ!" ಅಂದರು ಅತ್ತೆ. ಮತ್ತೆ ಮೊದಲಿನಿಂದ ಹೇಳತೊಡಗಿದರು.